ಮೊದಲ ಕಡಲ ಈಜು ಎಲ್ಲಿ? ಮಾಲ್ವಣ, ಗೋವಾ, ಮಂಗಳೂರು, ಮುಂಬಯಿ, ಪೋರಬಂದರ್‌ಗಳ ಹೋಲಿಕೆ

ಮಳೆಗಾಲ ಮುಗಿದು ಕಡಲು ತಿಳಿಯಾಗುವ ಹೊತ್ತಿಗೆ ನನಗೆ ಈಜಿನ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಈ ವರ್ಷ ಒಂದೇ ವಾರದಲ್ಲಿ ಮೂರು ಬಂದವು. ಮೊದಲನೆಯದು ಬೆಂಗಳೂರಿನ ಒಬ್ಬ ಬ್ಯಾಂಕ್ ಉದ್ಯೋಗಿಯದು. ವಯಸ್ಸು 52, ನಲವತ್ತು ದಾಟಿದ ಮೇಲೆ ಈಜು ಕಲಿತ ಮಹಿಳೆ. ವಾರಕ್ಕೆ ನಾಲ್ಕು ಬೆಳಗು ಬಸವನಗುಡಿಯ ಈಜುಕೊಳದಲ್ಲಿ ನಿಲ್ಲದೆ ಒಂದು ಕಿಲೋಮೀಟರ್ ಈಜುತ್ತಾರೆ. ಎರಡನೆಯದು ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನ್ ಸ್ಪರ್ಧೆಯ ಕನಸು ಕಟ್ಟಿಕೊಂಡ ಒಬ್ಬ ಎಂಜಿನಿಯರ್‌ನದು. ಸೈಕಲ್ ಮತ್ತು ಓಟದಲ್ಲಿ ಗಟ್ಟಿಗ, ನೀರೆಂದರೆ ಸ್ವಲ್ಪ ಅಳುಕು. ಮೂರನೆಯವನು ಕುಂದಾಪುರದ ಕಡೆಯ ಹುಡುಗ. ಹೊಳೆಯಲ್ಲಿ ಈಜುತ್ತಲೇ ಬೆಳೆದವನು, ಮುಂಬಯಿ ಬಂದರಿನಲ್ಲಿ ಮೂವತ್ತಾರು ಕಿಲೋಮೀಟರ್ ಈಜಬೇಕೆಂಬುದು ಅವನ ಆಸೆ.

ಮೂವರೂ ಕೇಳಿದ್ದು ಒಂದೇ ಮಾತು: ಎಷ್ಟು ದೂರದ ಸ್ಪರ್ಧೆಗೆ ಹೆಸರು ಕೊಡಲಿ? ಮೂವರಿಗೂ ನಾನು ಹೇಳಿದ್ದೂ ಒಂದೇ. ದೂರವನ್ನು ಕೊನೆಗೆ ಆರಿಸಿ. ಮೊದಲು ನೀರನ್ನು ಆರಿಸಿ, ಆಮೇಲೆ ಕಾವಲನ್ನು ವಿಚಾರಿಸಿ. ನಮ್ಮ ಪಶ್ಚಿಮ ಕರಾವಳಿಯ ಒಂದೊಂದು ಸ್ಪರ್ಧೆಯ ನೀರೂ ಒಂದೊಂದು ಸ್ವಭಾವದ್ದು. ಒಂದೆಡೆಯ ಐದು ಕಿಲೋಮೀಟರ್ ಇನ್ನೊಂದೆಡೆಯ ಒಂದು ಕಿಲೋಮೀಟರಿಗಿಂತ ಸುಲಭವಾಗಬಹುದು.

ಅಳೆಯುವ ಕೋಲು

ಕಡಲ ಈಜಿಗೆ ಇಳಿಯುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ದಡದಿಂದ ನೀರಿಗೆ ಹೋಗುವುದು ಹೇಗೆ, ನೀರಿನಿಂದ ದಡಕ್ಕೆ ಬರುವುದು ಹೇಗೆ? ತೆರೆದ ಕಡಲಿನ ದಂಡೆಯಲ್ಲಿ ಮೊದಲ ಐವತ್ತು ಮೀಟರ್ ಇಡೀ ಸ್ಪರ್ಧೆಗಿಂತ ಕಠಿಣ. ತೆರೆ ಮುರಿಯುವ ಜಾಗದಲ್ಲಿ ತಲೆ ತಗ್ಗಿಸಿ ಅದರ ಅಡಿಯಿಂದ ನುಸುಳಬೇಕು. ಎದೆಯೊಡ್ಡಿ ನಿಂತರೆ ತೆರೆ ಹಿಂದಕ್ಕೆ ಎತ್ತಿ ಹಾಕುತ್ತದೆ. ಕೊಲ್ಲಿಯಲ್ಲಿ, ಅಳಿವೆಯ ಬಾಯಲ್ಲಿ ಈ ಕಷ್ಟವಿಲ್ಲ. ಸೊಂಟದ ಆಳದವರೆಗೆ ನಡೆದು ಹೋಗಿ ಮೈ ಚೆಲ್ಲಿದರಾಯಿತು.

ಎರಡನೆಯದು ಉಬ್ಬರ ಇಳಿತ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಮಂಗಳೂರಿನ ಕಡಲು ಸುಮಾರು ಒಂದೂವರೆ ಮೀಟರ್ ಏರಿ ಇಳಿಯುತ್ತದೆ. ಗೋವಾದಲ್ಲಿ ಅದು ಎರಡು ಮೀಟರಿನ ಹತ್ತಿರ. ಮುಂಬಯಿಯಲ್ಲಿ ನಾಲ್ಕು ಮೀಟರ್ ದಾಟುತ್ತದೆ. ಉತ್ತರಕ್ಕೆ ಹೋದಂತೆ ಕರಾವಳಿಯ ಮುಂದಿನ ಆಳವಿಲ್ಲದ ಕಡಲತಳ ಅಗಲವಾಗುತ್ತದೆ, ಹಾಗಾಗಿ ನೀರು ಹೆಚ್ಚು ಏರುತ್ತದೆ. ಅಷ್ಟು ನೀರು ಆರು ಗಂಟೆಯಲ್ಲಿ ಬಂದು ಆರು ಗಂಟೆಯಲ್ಲಿ ಹೋಗಬೇಕಾದರೆ ಅದು ಹರಿಯುತ್ತದೆ, ನದಿಯಂತೆ. ಒಂದು ಲೆಕ್ಕ ಹೇಳುತ್ತೇನೆ. ಹವ್ಯಾಸಿ ಈಜುಗಾರರು ಕಿಲೋಮೀಟರಿಗೆ 25ರಿಂದ 30 ನಿಮಿಷ ತೆಗೆದುಕೊಳ್ಳುತ್ತಾರೆ, ಅಂದರೆ ಗಂಟೆಗೆ ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಒಂದು ನಾಟ್ ವೇಗದ ಸೆಳೆತ ಎಂದರೆ ಗಂಟೆಗೆ 1.85 ಕಿಲೋಮೀಟರ್. ಅದು ಎದುರಿನಿಂದ ಬಂದರೆ ನೀವು ಕೈ ಬೀಸುತ್ತಲೇ ಇರುತ್ತೀರಿ, ದಡದ ಮೇಲಿನ ತೆಂಗಿನ ಮರ ಮಾತ್ರ ಅಲ್ಲೇ ನಿಂತಿರುತ್ತದೆ. ಹಿಂದಿನಿಂದ ಬಂದರೆ ನಿಮ್ಮ ಸಮಯ ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತದೆ. ಪಂಚಾಂಗದಲ್ಲಿ ಅಷ್ಟಮಿಯ ಹತ್ತಿರದ ದಿನಗಳಲ್ಲಿ ಏರಿಳಿತ ಕಡಿಮೆ ಎಂಬುದು ಮೀನುಗಾರರಿಗೆಲ್ಲ ಗೊತ್ತು. ಸ್ಪರ್ಧೆಯ ದಿನಾಂಕ ತಿಳಿದ ಕೂಡಲೇ ತಿಥಿ ನೋಡುವ ಅಭ್ಯಾಸವನ್ನು ನಾನು ಅವರಿಂದಲೇ ಕಲಿತೆ.

ಮೂರನೆಯದು ಕಾವಲು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಿದೆ, ಏಕೆಂದರೆ ಜಾಹೀರಾತುಗಳಲ್ಲಿ ಪದಕ, ಟೀ ಶರ್ಟ್, ಉಪಾಹಾರದ ಮಾತು ದಪ್ಪಕ್ಷರದಲ್ಲಿರುತ್ತದೆ, ದೋಣಿಗಳ ಮಾತು ಇರುವುದಿಲ್ಲ. ನನ್ನ ಎರಡನೆಯ ಸ್ಪರ್ಧೆಯಲ್ಲಿ ಆರುನೂರು ಮೀಟರಿನ ಹತ್ತಿರ ಮೀನಖಂಡ ಸೆಟೆದುಕೊಂಡಿತು. ಕಲಿಸಿದ್ದಂತೆ ಅಂಗಾತ ತಿರುಗಿ ಒಂದು ಕೈ ಎತ್ತಿ ಆಡಿಸಿದೆ. ಹತ್ತಿರದ ಕಯಾಕ್, ಅಂದರೆ ಹುಟ್ಟು ಹಾಕುವ ಪುಟ್ಟ ದೋಣಿ, ಬೇರೊಬ್ಬರ ಬಳಿ ನಿಂತಿತ್ತು, ಮೋಟಾರು ದೋಣಿ ಮುಂದಿನವರ ಜೊತೆಗೆ ಹೋಗಿಬಿಟ್ಟಿತ್ತು. ಉಪ್ಪುನೀರು ತೇಲಿಸುತ್ತದೆ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಾ, ಕಾಲ ಹೆಬ್ಬೆರಳನ್ನು ನನ್ನ ಕಡೆಗೆ ಎಳೆದು ಹಿಡಿದು, ಆಕಾಶ ನೋಡುತ್ತಾ ಮಲಗಿದ್ದೆ. ಕಯಾಕ್ ಬರುವ ಹೊತ್ತಿಗೆ ಸೆಟೆತ ಬಿಟ್ಟಿತ್ತು, ಈಜಿ ಮುಗಿಸಿದೆ. ದಡದಲ್ಲಿ ನನ್ನ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಲು ಯಾರೂ ಇರಲಿಲ್ಲ. ನಾನು ನೀರಿನಿಂದ ಬಂದೆನೋ ಇಲ್ಲವೋ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂಬುದು ಆ ರಾತ್ರಿ ಮಲಗಿದ ಮೇಲೆ ಹೊಳೆಯಿತು. ಅಂದಿನಿಂದ ಇಳಿದವರನ್ನೂ ಹತ್ತಿದವರನ್ನೂ ಎಣಿಸದ ಸ್ಪರ್ಧೆಗೆ ನಾನು ಹೋಗುವುದಿಲ್ಲ, ಯಾರನ್ನೂ ಕಳಿಸುವುದಿಲ್ಲ.

ಉಳಿದವು ಕಾಲಮಿತಿ ಮತ್ತು ಖರ್ಚು. ಖರ್ಚಿನಲ್ಲಿ ಪ್ರವೇಶ ಶುಲ್ಕ ಸಾಮಾನ್ಯವಾಗಿ ಸಣ್ಣ ಪಾಲು. ಪ್ರಯಾಣ, ಎರಡು ರಾತ್ರಿಯ ವಸತಿ, ಜೊತೆಗೆ ಬರುವವರ ಊಟ ಸೇರಿದಾಗ ಮೊತ್ತ ಬೆಳೆಯುತ್ತದೆ. ಆದ್ದರಿಂದ ಎಲ್ಲಿಂದ ಹೊರಡುತ್ತೀರಿ ಎಂಬುದೂ ಆಯ್ಕೆಯನ್ನು ಬದಲಿಸುತ್ತದೆ.

ಮಾಲ್ವಣ: ರಂಪಣಿಯ ದಂಡೆ

ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಮಾಲ್ವಣದಲ್ಲಿ ಪ್ರತಿ ವರ್ಷ ಡಿಸೆಂಬರಿನ ಸುಮಾರಿಗೆ ಚಿವಲಾ ಬೀಚಿನಲ್ಲಿ ಸಾಗರ ಈಜು ಸ್ಪರ್ಧೆ ನಡೆಯುತ್ತದೆ. ಜಿಲ್ಲಾ ಈಜು ಸಂಘಟನೆ ನಡೆಸುವ ಈ ಸ್ಪರ್ಧೆಗೆ ಮಕ್ಕಳಿಂದ ಹಿಡಿದು ಎಪ್ಪತ್ತು ದಾಟಿದವರವರೆಗೆ ಬರುತ್ತಾರೆ. ವಯಸ್ಸಿಗೆ ತಕ್ಕಂತೆ ಗುಂಪುಗಳಿವೆ, ಅಂಗವಿಕಲರಿಗೆ ಪ್ರತ್ಯೇಕ ವಿಭಾಗವಿದೆ. ಐನೂರು ಮೀಟರಿನಿಂದ ಹತ್ತು ಕಿಲೋಮೀಟರಿನವರೆಗೆ ದೂರಗಳಿವೆ.

ಚಿವಲಾ ಬಿಲ್ಲಿನಂತೆ ಬಾಗಿದ ದಂಡೆ. ಇಲ್ಲಿ ಈಗಲೂ ರಂಪಣಿ ಬಲೆ, ಅಂದರೆ ಹಲವರು ಸೇರಿ ದಡದಿಂದಲೇ ಎಳೆಯುವ ದೊಡ್ಡ ಮೀನುಬಲೆ, ಎಳೆಯುತ್ತಾರೆ. ನಮ್ಮ ಕರಾವಳಿಯವರಿಗೆ ಇಷ್ಟು ಹೇಳಿದರೆ ಸಾಕು. ರಂಪಣಿ ಎಳೆಯಬೇಕಾದರೆ ತಳ ಮರಳಿನದಾಗಿರಬೇಕು, ತೆರೆ ತಗ್ಗಿರಬೇಕು, ಇಳಿಜಾರು ಹದವಾಗಿರಬೇಕು. ಮೊದಲ ಸಲ ಕಡಲಿಗೆ ಇಳಿಯುವ ಈಜುಗಾರರಿಗೆ ಬೇಕಾದದ್ದೂ ಇದೇ. ಡಿಸೆಂಬರಿನ ಬೆಳಗಿನಲ್ಲಿ ನೆಲದ ಕಡೆಯಿಂದ ಬೀಸುವ ತಂಗಾಳಿ ನೀರನ್ನು ಚಾಪೆಯಂತೆ ಹಾಸಿರುತ್ತದೆ. ಹನ್ನೊಂದು ಗಂಟೆಯ ನಂತರ ವಾಯುವ್ಯದ ಕಡಲಗಾಳಿ ಏಳುತ್ತದೆ, ಆಗ ಸಣ್ಣ ಸಣ್ಣ ಅಲೆಗಳು ಬಾಯಿಗೆ ಬಡಿಯತೊಡಗುತ್ತವೆ. ಇದು ಗೋವಾ, ಮಂಗಳೂರುಗಳಿಗೂ ಅನ್ವಯಿಸುವ ಮಾತು. ಹಾಗಾಗಿ ಸರದಿ ಬೆಳಗ್ಗೆ ಬೇಗ ಬರುವ ದೂರವನ್ನು ಆರಿಸಿಕೊಳ್ಳುವುದು ಜಾಣತನ.

ತೊಂದರೆಯೆಂದರೆ ಜನ. ಒಂದೇ ಗುಂಪಿನಲ್ಲಿ ನೂರಾರು ಮಂದಿ ಒಟ್ಟಿಗೆ ನೀರಿಗೆ ಬೀಳುತ್ತಾರೆ. ಯಾರದೋ ಹಿಮ್ಮಡಿ ನಿಮ್ಮ ಈಜುಗನ್ನಡಕಕ್ಕೆ ತಾಗುತ್ತದೆ, ಯಾರೋ ನಿಮ್ಮ ಕಾಲು ಹತ್ತಿ ಹೋಗುತ್ತಾರೆ. ಕೊಳದಲ್ಲಿ ಒಬ್ಬರೇ ಒಂದು ಸಾಲಿನಲ್ಲಿ ಈಜಿದವರಿಗೆ ಉಸಿರು ಕಟ್ಟುವುದು ಇಲ್ಲೇ, ಅಲೆಯಿಂದಲ್ಲ. ಪರಿಹಾರ ಸರಳ. ಸೀಟಿ ಊದಿದ ಮೇಲೆ ಇಪ್ಪತ್ತು ಎಣಿಸಿ, ಎಲ್ಲರೂ ಹೋದ ಮೇಲೆ ಗುಂಪಿನ ಅಂಚಿನಿಂದ ಇಳಿಯಿರಿ. ಇಪ್ಪತ್ತು ಸೆಕೆಂಡ್ ಹೋಗುತ್ತದೆ, ಉಸಿರು ಉಳಿಯುತ್ತದೆ.

ಖರ್ಚಿನ ದೃಷ್ಟಿಯಿಂದ ಮಾಲ್ವಣಕ್ಕೆ ಸಾಟಿಯಿಲ್ಲ. ಸಂಘಟನೆಯ ಸ್ಪರ್ಧೆಯಾದ್ದರಿಂದ ಶುಲ್ಕ ಹಗುರ. ಬೆಳಗಾವಿಯವರು ಅಂಬೋಲಿ ಘಾಟಿ ಇಳಿದರೆ ಮೂರು ನಾಲ್ಕು ಗಂಟೆಯ ಹಾದಿ. ಮಂಗಳೂರು, ಉಡುಪಿಯವರು ಕೊಂಕಣ ರೈಲಿನಲ್ಲಿ ಕುಡಾಳಕ್ಕೆ ಇಳಿದು ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗಬಹುದು. ಬೆಂಗಳೂರಿನಿಂದ ಮಾತ್ರ ದೂರವೇ. ಕುಟುಂಬದ ಜೊತೆ ಹೋದರೆ ಸಿಂಧುದುರ್ಗದ ಕೋಟೆಯಿದೆ, ಮೀನಿನೂಟದ ಮನೆಗಳಿವೆ. ಮಗಳು ಐನೂರು ಮೀಟರ್, ಅಮ್ಮ ಒಂದು ಕಿಲೋಮೀಟರ್ ಎಂದು ಒಂದೇ ಬೆಳಗಿನಲ್ಲಿ ಇಬ್ಬರೂ ಈಜಬಹುದು.

ಗೋವಾದ ಎರಡು ದಾರಿಗಳು

ಗೋವಾದಲ್ಲಿ ಆಯ್ಕೆ ಎರಡು, ಅವೆರಡೂ ಬೇರೆ ಬೇರೆ ಲೋಕಗಳು.

ಮೊದಲನೆಯದು ಸ್ವಿಮಥಾನ್ ಹೆಸರಿನ ಈಜು ಕೂಟ. ಅದರ ಹೆಸರಿನ ಜೊತೆ ತಳಕು ಹಾಕಿಕೊಂಡಿರುವುದು ಬಾಂಬೋಲಿಯ ತೀರ. ಬಾಂಬೋಲಿ ಇರುವುದು ಜುವಾರಿ ನದಿಯ ಅಳಿವೆಯಲ್ಲಿ, ಆದ್ದರಿಂದ ದೊಡ್ಡ ತೆರೆ ಒಳಗೆ ಬರುವುದಿಲ್ಲ. ಇಳಿತದ ವೇಳೆ ಬಹಳ ದೂರ ನಡೆದೇ ಹೋಗಬಹುದು. ನೀರು ಕಲಕಿರುತ್ತದೆ, ಕೈ ಮುಂದೆ ಚಾಚಿದರೆ ಬೆರಳು ಕಾಣುವುದಿಲ್ಲ. ಕೊಳದ ತಳದ ಕಪ್ಪು ಗೆರೆಯನ್ನೇ ನೋಡುತ್ತಾ ಈಜಿದವರಿಗೆ ಈ ಹಸಿರುಗಪ್ಪು ಶೂನ್ಯ ಮೊದಲಿಗೆ ಹೆದರಿಕೆ ಹುಟ್ಟಿಸುತ್ತದೆ. ಆದರೆ ಗಾಬರಿಯಾದಾಗ ಕಾಲು ಊರಿದರೆ ನೆಲ ಸಿಗುತ್ತದೆ ಎಂಬ ಧೈರ್ಯ ದೊಡ್ಡದು. 250 ಮೀಟರಿನಷ್ಟು ಸಣ್ಣ ದೂರವನ್ನೂ ಇಟ್ಟಿರುವುದು ಈ ಕೂಟದ ವಿಶೇಷ. ನೀರಿನ ಭಯ ಇನ್ನೂ ಪೂರ್ತಿ ಬಿಡದವರು, ಹೈಸ್ಕೂಲಿನ ಮಕ್ಕಳು ಇಲ್ಲಿಂದಲೇ ಆರಂಭಿಸಬಹುದು. ಬೆಂಗಳೂರಿನಿಂದ ರಾತ್ರಿ ಬಸ್ಸು, ರೈಲು, ವಿಮಾನ ಎಲ್ಲವೂ ಇವೆ. ಬದಲಿಗೆ ವಸತಿ ದುಬಾರಿ, ಅದರಲ್ಲೂ ಡಿಸೆಂಬರ್ ಕೊನೆ ಮತ್ತು ಜನವರಿಯ ಆರಂಭದಲ್ಲಿ.

ಎರಡನೆಯದು ಐರನ್‌ಮ್ಯಾನ್ 70.3 ಎಂಬ ಟ್ರಯಥ್ಲಾನ್. ಭಾರತದ ಮೊದಲ ಐರನ್‌ಮ್ಯಾನ್ ಸ್ಪರ್ಧೆಯಾಗಿ ಇದು 2019ರ ಅಕ್ಟೋಬರಿನಲ್ಲಿ ಪಣಜಿಯ ಮೀರಾಮಾರ್ ತೀರದಲ್ಲಿ ನಡೆಯಿತು. 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಇದನ್ನು ಈಜಿನ ಆಯ್ಕೆಗಳ ಸಾಲಿನಲ್ಲಿ ಏಕೆ ಇಟ್ಟೆನೆಂದರೆ ಇಲ್ಲಿ ರಿಲೇ ವಿಭಾಗವಿದೆ. ಒಬ್ಬರು ಈಜಿ, ಇನ್ನೊಬ್ಬರು ಸೈಕಲ್ ತುಳಿದು, ಮತ್ತೊಬ್ಬರು ಓಡಿ ಮುಗಿಸಬಹುದು. ಎಂಜಿನಿಯರ್ ಗೆಳೆಯ ತನ್ನ ಕಚೇರಿಯ ಇಬ್ಬರನ್ನು ಸೇರಿಸಿಕೊಂಡು, ಈಜನ್ನು ತಾನೇ ವಹಿಸಿಕೊಳ್ಳುವ ಯೋಚನೆಯಲ್ಲಿದ್ದ. ಕಡಲ ಭಯ ಹೋಗಲಿ ಎಂಬುದು ಅವನ ಲೆಕ್ಕ.

ನಾನು ಅವನ ಮುಂದೆ ಬೇರೆ ಲೆಕ್ಕ ಇಟ್ಟೆ. ಈಜಿನ ಕಾಲಮಿತಿ 70 ನಿಮಿಷ. ಅವನು ಕೊಳದಲ್ಲಿ ನೂರು ಮೀಟರಿಗೆ ಮೂರು ನಿಮಿಷ ತೆಗೆದುಕೊಳ್ಳುತ್ತಾನೆ. 1.9 ಕಿಲೋಮೀಟರಿಗೆ 57 ನಿಮಿಷ ಆಯಿತು. ಆದರೆ ಹೊಸಬರು ಕಡಲಿನಲ್ಲಿ ನೇರ ಈಜುವುದಿಲ್ಲ, ಅಂಕುಡೊಂಕಾಗಿ ಹೋಗುತ್ತಾರೆ. ಹತ್ತಕ್ಕೆ ಒಂದು ಪಾಲು ಹೆಚ್ಚು ಎಂದುಕೊಂಡರೂ ದೂರ 2.1 ಕಿಲೋಮೀಟರ್ ಆಗಿ 63 ನಿಮಿಷ ಬೇಕು. ಉಳಿಯುವುದು ಏಳು ನಿಮಿಷ. ಕನ್ನಡಕಕ್ಕೆ ನೀರು ನುಗ್ಗಿ ಎರಡು ಸಲ ನಿಂತರೆ, ಒಂದು ಅಲೆ ಕುಡಿದು ಕೆಮ್ಮುತ್ತಾ ತೇಲಿದರೆ ಆ ಏಳು ನಿಮಿಷ ಕರಗುತ್ತದೆ. ಅವನ ಹಿಂದೆ ಸೈಕಲ್ ಹಿಡಿದು ಕಾಯುತ್ತಿರುವವನ ತಿಂಗಳುಗಳ ತಯಾರಿಯೂ ಅದರ ಜೊತೆಗೆ ಹೋಗುತ್ತದೆ. ಅದು ಮೊದಲ ಕಡಲ ಈಜಿನ ಮೇಲೆ ಹೊರಿಸಬಾರದ ಭಾರ.

ಮೈ ಬೆಚ್ಚಗಿಡುವ ರಬ್ಬರಿನ ಈಜುಡುಗೆ ವೆಟ್‌ಸೂಟ್ ತೇಲಿಸುತ್ತದಲ್ಲ ಎಂದು ಅವನು ಕೇಳಿದ. ಐರನ್‌ಮ್ಯಾನ್ ನಿಯಮದಂತೆ ವಯೋವರ್ಗದ ಸ್ಪರ್ಧಿಗಳು ಎಂದಿನಂತೆ ವೆಟ್‌ಸೂಟ್ ಧರಿಸಲು ನೀರು 24.5 ಡಿಗ್ರಿ ಸೆಲ್ಸಿಯಸ್ ಮೀರಿರಬಾರದು. ಗೋವಾದ ನೀರು ಆ ಕಾಲದಲ್ಲಿ 27 ಡಿಗ್ರಿಗಿಂತ ಮೇಲೆಯೇ ಇರುತ್ತದೆ. ಅದಕ್ಕೆಂದು ಸಾವಿರಾರು ರೂಪಾಯಿ ಸುರಿಯಬೇಕಿಲ್ಲ.

ಶುಲ್ಕವನ್ನು ಮೂವರು ಹಂಚಿಕೊಂಡರೂ ತಲೆಗೆ ಬೀಳುವ ಮೊತ್ತ ಸಂಘಟನೆಗಳ ಸ್ಪರ್ಧೆಯ ಹಲವು ಪಟ್ಟು. ಆದರೆ ಕೊಟ್ಟ ಹಣಕ್ಕೆ ತಕ್ಕ ಕಾವಲು ಇಲ್ಲಿದೆ ಎಂಬುದನ್ನು ಹೇಳಲೇಬೇಕು. ಪ್ರತಿಯೊಬ್ಬರ ಕಾಲಿಗೆ ಚಿಪ್ ಕಟ್ಟುತ್ತಾರೆ, ಯಾರು ನೀರಿನಲ್ಲಿದ್ದಾರೆ ಎಂಬ ಲೆಕ್ಕ ತಪ್ಪುವುದಿಲ್ಲ. ಎಲ್ಲರನ್ನೂ ಒಟ್ಟಿಗೆ ಬಿಡದೆ ಸಾಲಾಗಿ ಬಿಡುತ್ತಾರೆ. ನೂರು ಮೀಟರನ್ನು ಎರಡೂವರೆ ನಿಮಿಷದೊಳಗೆ ಈಜಬಲ್ಲವರಿಗೆ, ಒಂದೆರಡು ಸಲ ಕಡಲಿಗೆ ಇಳಿದವರಿಗೆ ಇದು ಒಳ್ಳೆಯ ಎರಡನೆಯ ಸ್ಪರ್ಧೆ.

ಮಂಗಳೂರು: ಮನೆಯ ಕಡಲು, ಒರಟು ಕಡಲು

ನಮ್ಮದೇ ಕಡಲಿದೆಯಲ್ಲ, ಅಷ್ಟು ದೂರ ಏಕೆ ಎಂದು ಕೇಳುವವರಿದ್ದಾರೆ. ತಣ್ಣೀರುಬಾವಿಯಲ್ಲಿ ಈಚಿನ ವರ್ಷಗಳಲ್ಲಿ ಟ್ರಯಥ್ಲಾನ್ ಮತ್ತು ಕಡಲ ಈಜಿನ ಸ್ಪರ್ಧೆಗಳು ನಡೆದಿವೆ, ಅದು ಸಂತೋಷದ ಸಂಗತಿ. ಉಡುಪಿಯ ಗಂಗಾಧರ ಕಡೆಕಾರ್ 2021ರಲ್ಲಿ, ತಮ್ಮ 66ನೆಯ ವಯಸ್ಸಿನಲ್ಲಿ, ಮಲ್ಪೆ ಬಳಿಯ ಪಡುಕೆರೆಯ ಕಡಲಿನಲ್ಲಿ ಪದ್ಮಾಸನ ಹಾಕಿ ಕಾಲಿಗೆ ಸರಪಳಿ ಬಿಗಿದುಕೊಂಡು 1,400 ಮೀಟರ್ ಈಜಿದ್ದನ್ನು ಕರಾವಳಿಯವರು ಮರೆತಿಲ್ಲ.

ಆದರೆ ಅವರ ಹಿಂದೆ ದಶಕಗಳ ಈಜು ಇತ್ತು. ತಣ್ಣೀರುಬಾವಿ, ಪಡುಕೆರೆಗಳು ಕಡಲಿಗೆ ನೇರ ತೆರೆದುಕೊಂಡ ದಂಡೆಗಳು. ತೆರೆ ದಡದ ಹತ್ತಿರವೇ ಮುರಿಯುತ್ತದೆ. ಎರಡು ತೆರೆಸಾಲುಗಳ ನಡುವೆ ಶಾಂತವಾಗಿ ಕಾಣುವ ಜಾಗದಲ್ಲಿಯೇ ನೀರು ಹಿಂದಕ್ಕೆ ಎಳೆಯುವ ಸೆಳವು ಇರುತ್ತದೆ. ಅದರಲ್ಲಿ ಸಿಕ್ಕರೆ ದಡದತ್ತ ಹೋರಾಡದೆ ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು ಎಂಬುದನ್ನು ಪುಸ್ತಕದಲ್ಲಿ ಓದಿದ್ದರೆ ಸಾಲದು, ಜೀವರಕ್ಷಕರ ಎದುರಿನಲ್ಲಿ ಒಮ್ಮೆ ಮಾಡಿ ನೋಡಿರಬೇಕು. ತೆರೆಯ ಅಡಿಯಿಂದ ನುಸುಳಲು ಬರುವವರು, ಕರಾವಳಿಯಲ್ಲೇ ಇದ್ದು ವಾರಕ್ಕೊಮ್ಮೆ ಕಡಲು ಕಾಣುವವರು ಇಲ್ಲಿ ಧೈರ್ಯವಾಗಿ ಸೇರಬಹುದು. ಅವರಿಗೆ ಖರ್ಚೂ ಇಲ್ಲ, ಮನೆಯವರು ದಡದಲ್ಲಿ ನಿಂತಿರುತ್ತಾರೆ. ಘಟ್ಟದ ಮೇಲಿನವರು ಇದನ್ನು ಮೊದಲ ಸ್ಪರ್ಧೆಯಾಗಿ ಇಟ್ಟುಕೊಳ್ಳುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಅಭ್ಯಾಸಕ್ಕೆ ಮಾತ್ರ ನಮ್ಮ ಕಡಲನ್ನು ಬಿಡಬೇಡಿ. ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಬೀಚುಗಳಲ್ಲಿ ಈಜಿಗೆಂದೇ ಗುರುತು ಹಾಕಿದ ಜಾಗವಿದೆ, ಜೀವರಕ್ಷಕರಿದ್ದಾರೆ. ಸ್ಪರ್ಧೆಗೆ ಒಂದು ತಿಂಗಳು ಮೊದಲು ಎರಡು ವಾರಾಂತ್ಯಗಳನ್ನು ಅಲ್ಲಿ ಕಳೆದರೆ ಕೊಳದ ಹತ್ತು ಬೆಳಗುಗಳಿಗೆ ಸಮ.

ಮುಂಬಯಿ: ಹರಿಯುವ ಬಂದರು

ಮುಂಬಯಿ ಬಂದರಿನ ಬಾಯಲ್ಲಿರುವ ಸಂಕ್ ರಾಕ್ ದೀಪಸ್ತಂಭದಿಂದ ಗೇಟ್‌ವೇ ಆಫ್ ಇಂಡಿಯಾದವರೆಗಿನ ಸುಮಾರು ಐದು ಕಿಲೋಮೀಟರ್ ಈಜು ಮಹಾರಾಷ್ಟ್ರದ ಈಜುಗಾರರಿಗೆ ಒಂದು ಮೆಟ್ಟಿಲಿದ್ದಂತೆ. ಅಲ್ಲಿಂದ ಮುಂದಿನದು ಧರಮತರ್‌ನಿಂದ ಗೇಟ್‌ವೇವರೆಗಿನ ಸುಮಾರು 36 ಕಿಲೋಮೀಟರ್, ಕುಂದಾಪುರದ ಹುಡುಗ ಕಣ್ಣಿಟ್ಟಿರುವುದು ಅದರ ಮೇಲೆ.

ಇಲ್ಲಿ ತೆರೆಯ ಕಷ್ಟವಿಲ್ಲ. ದೋಣಿಯಿಂದ ಧುಮುಕಿ ಹೊರಡುತ್ತೀರಿ. ಇಲ್ಲಿ ಎಲ್ಲವೂ ಉಬ್ಬರದ ಲೆಕ್ಕ. ಒಳಬರುವ ನೀರಿನ ಜೊತೆ ಹೊರಟರೆ ಐದು ಕಿಲೋಮೀಟರ್ ಕೊಳದ ನಾಲ್ಕರಂತೆ ಕಳೆಯುತ್ತದೆ. ತಡವಾಗಿ ಹೊರಟು ನೀರು ತಿರುಗಿದರೆ ಕಣ್ಣೆದುರಿನ ಗೇಟ್‌ವೇ ಹತ್ತಿರವಾಗುವುದೇ ಇಲ್ಲ. ನೀರಿನಲ್ಲಿ ಎಣ್ಣೆಯ ವಾಸನೆ, ಲಾಂಚುಗಳ ಓಡಾಟ, ಎದ್ದ ಕೆಸರು ಎಲ್ಲವೂ ಇವೆ. ನಡುವೆ ನಿಲ್ಲಲು ನೆಲವಿಲ್ಲ, ನಿಮ್ಮ ಜೊತೆಗಿನ ದೋಣಿಯೇ ದಡ. ಎರಡು ಗಂಟೆ ನಿಲ್ಲದೆ ಈಜಬಲ್ಲವರಿಗೆ, ಈಗಾಗಲೇ ಎರಡು ಮೂರು ಕಿಲೋಮೀಟರ್ ಕಡಲ ಸ್ಪರ್ಧೆ ಮುಗಿಸಿದವರಿಗೆ ಮಾತ್ರ ಇದು. ಅವರಿಗೆ ಇದರಷ್ಟು ದೊಡ್ಡ ಅನುಭವ ಇನ್ನೊಂದಿಲ್ಲ. ದೀಪಸ್ತಂಭ ಬೆನ್ನ ಹಿಂದೆ ಕುಗ್ಗುತ್ತಾ, ಕಲ್ಲಿನ ಕಮಾನು ಪ್ರತಿ ನೂರು ಉಸಿರಿಗೆ ಸ್ವಲ್ಪ ಸ್ವಲ್ಪ ಎತ್ತರವಾಗುತ್ತಾ ಬರುವುದನ್ನು ನೀರಿನ ಮಟ್ಟದಿಂದ ನೋಡಬೇಕು.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಹೊಳೆಯ ಬಲ ನಿನಗಿದೆ, ಸೆಳೆತ ಎಂದರೇನೆಂದು ಕೊಳದವರಿಗಿಂತ ನಿನಗೆ ಚೆನ್ನಾಗಿ ಗೊತ್ತು. ಆದರೆ ನಿನ್ನ ಕಿಲೋಮೀಟರಿನ ಸಮಯ ಎಷ್ಟೆಂದು ನಿನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಯಾವ ತರಬೇತುದಾರನೂ ನಿನ್ನ ಹೊರಡುವ ಗಳಿಗೆಯನ್ನು ಉಬ್ಬರಕ್ಕೆ ಹೊಂದಿಸಲಾರ. ಈ ವರ್ಷ ಮಾಲ್ವಣದಲ್ಲಿ ಮೂರು ಇಲ್ಲವೇ ಐದು ಕಿಲೋಮೀಟರ್, ಮುಂದಿನ ವರ್ಷ ಸಂಕ್ ರಾಕ್. ಭಾರತದ ಈಜುಗಾರ ಮಿಹಿರ್ ಸೇನ್ 1958ರಲ್ಲಿ ಇಂಗ್ಲಿಷ್ ಕಾಲುವೆ ದಾಟುವ ಮೊದಲು ಹಲವು ಸಲ ಸೋತು ಹಿಂತಿರುಗಿದ್ದರು ಎಂಬುದನ್ನು ಅವನಿಗೆ ನೆನಪಿಸಿದೆ. ಮೂವತ್ತು ಕಿಲೋಮೀಟರ್ ದಾಟಿದ ಈಜಿಗೆ ವರ್ಷಗಳೇ ಬೇಕು. ಗುಜರಾತಿನ ಚೋರವಾಡದಿಂದ ವೇರಾವಳಕ್ಕೆ 21 ನಾಟಿಕಲ್ ಮೈಲಿ, ಬಂಗಾಳದ ಮುರ್ಷಿದಾಬಾದಿನಲ್ಲಿ ಭಾಗೀರಥಿ ನದಿಯ 81 ಕಿಲೋಮೀಟರ್, ಇವೆಲ್ಲ ಅಂಥವರ ಕಣ. ಈ ಹೋಲಿಕೆಯಲ್ಲಿ ಅವುಗಳಿಗೆ ಜಾಗವಿಲ್ಲ.

ಪೋರಬಂದರ್

ಗುಜರಾತಿನ ಪೋರಬಂದರಿನಲ್ಲಿ ಶ್ರೀರಾಮ ಸೀ ಸ್ವಿಮ್ಮಿಂಗ್ ಕ್ಲಬ್ ಜನವರಿಯಲ್ಲಿ ನಡೆಸುವ ಕಡಲ ಈಜು ಸ್ಪರ್ಧೆಯಲ್ಲಿ ಒಂದರಿಂದ ಹತ್ತು ಕಿಲೋಮೀಟರಿನವರೆಗೆ ದೂರಗಳಿವೆ. ವರ್ಷವಿಡೀ ಕಡಲಿನಲ್ಲಿಯೇ ಈಜುವವರು ಕಟ್ಟಿದ ಕ್ಲಬ್ ಅದು. ನೀರು ನಮ್ಮ ಕಡಲಿಗಿಂತ ನಾಲ್ಕೈದು ಡಿಗ್ರಿ ತಂಪು, ಮೊದಲ ಐದು ನಿಮಿಷ ಎದೆ ಬಿಗಿಯುತ್ತದೆ. ಕರ್ನಾಟಕದಿಂದ ದೂರ ಬಹಳ, ರಜೆ ನಾಲ್ಕು ದಿನವಾದರೂ ಬೇಕು. ಅಹಮದಾಬಾದ್, ರಾಜಕೋಟ್, ಸೂರತ್‌ಗಳಲ್ಲಿರುವ ಕನ್ನಡಿಗರಿಗೆ ಇದೇ ಹತ್ತಿರದ ಮತ್ತು ಸರಿಯಾದ ಆಯ್ಕೆ. ಬೆಂಗಳೂರಿನವರು ಮೊದಲ ಸ್ಪರ್ಧೆಗೆ ಇಷ್ಟು ದೂರ ಹೋಗಬೇಕಿಲ್ಲ.

ಆಸ್ಟ್ರೇಲಿಯಾದಲ್ಲಿರುವವರಿಗೆ ಒಂದು ಮಾತು

ಮೆಲ್ಬರ್ನ್, ಸಿಡ್ನಿ, ಪರ್ತ್‌ಗಳಿಂದಲೂ ಕನ್ನಡಿಗರು ಕೇಳುತ್ತಾರೆ. ಅವರ ಅದೃಷ್ಟ ದೊಡ್ಡದು, ಅಲ್ಲಿ ಕಡಲ ಈಜು ಬೇಸಿಗೆಯ ಜಾತ್ರೆ. ವಿಕ್ಟೋರಿಯಾದ ಲಾರ್ನ್ ಪಿಯರ್ ಟು ಪಬ್ 1.2 ಕಿಲೋಮೀಟರಿನದು, 1981ರಿಂದ ನಡೆಯುತ್ತಿದೆ, ಬೇಡಿಕೆ ಎಷ್ಟೆಂದರೆ ಲಾಟರಿ ಎತ್ತಿ ಪ್ರವೇಶ ಕೊಡುತ್ತಾರೆ. ಸಿಡ್ನಿಯ ಕೋಲ್ ಕ್ಲಾಸಿಕ್ ಮ್ಯಾನ್ಲಿಯಲ್ಲಿ ನಡೆಯುತ್ತದೆ, ಒಂದು ಮತ್ತು ಎರಡು ಕಿಲೋಮೀಟರಿನ ಆಯ್ಕೆಗಳಿವೆ. ಪಶ್ಚಿಮ ಆಸ್ಟ್ರೇಲಿಯಾದ ಬಸಲ್ಟನ್‌ನಲ್ಲಿ ಕಡಲೊಳಕ್ಕೆ ಚಾಚಿದ ಉದ್ದನೆಯ ಮರದ ಸೇತುವೆಯನ್ನು ಒಂದು ಸುತ್ತು ಹಾಕಿದರೆ 3.6 ಕಿಲೋಮೀಟರ್. ಕಾವಲಿನ ಬಗ್ಗೆ ಅಲ್ಲಿ ಚಿಂತೆ ಕಡಿಮೆ, ಚಿಂತೆಯಿರುವುದು ತಂಪಿನ ಬಗ್ಗೆ. ವಿಕ್ಟೋರಿಯಾದ ನೀರು ಬೇಸಿಗೆಯಲ್ಲೂ ನಮ್ಮ ಕಡಲಿಗಿಂತ ಎಂಟು ಹತ್ತು ಡಿಗ್ರಿ ಕಡಿಮೆ. ಅಲ್ಲಿ ವೆಟ್‌ಸೂಟಿಗೆ ಕೊಟ್ಟ ಹಣ ವ್ಯರ್ಥವಲ್ಲ. ಮೊದಲ ಸಲಕ್ಕೆ ನಾನು ಸಿಡ್ನಿಯ ಒಂದು ಕಿಲೋಮೀಟರನ್ನೇ ಹೇಳುತ್ತೇನೆ.

ಎಲ್ಲಿಗೆ ಹೋದರೂ ಬೇಕಾದದ್ದು

ಕೊಳದಲ್ಲಿ 25 ಮೀಟರಿಗೊಮ್ಮೆ ಗೋಡೆ ಸಿಗುತ್ತದೆ, ಪ್ರತಿ ಸಲ ಕಾಲು ಒದ್ದು ಮೂರು ನಾಲ್ಕು ಮೀಟರ್ ಪುಕ್ಕಟೆಯಾಗಿ ಸಾಗುತ್ತೇವೆ, ಒಂದು ಉಸಿರು ಹೆಚ್ಚಿಗೆ ಎಳೆದುಕೊಳ್ಳುತ್ತೇವೆ. ಕಡಲಿನಲ್ಲಿ ಗೋಡೆಯಿಲ್ಲ. ಆದ್ದರಿಂದ ಸೇರಬೇಕೆಂದಿರುವ ದೂರದ ಒಂದೂವರೆ ಪಟ್ಟನ್ನು ಗೋಡೆ ಮುಟ್ಟದೆ, ಅದರ ಮುಂದೆ ಮೈ ತಿರುಗಿಸಿಕೊಂಡು ಈಜಿ ನೋಡಿ. ಅದು ಸಾಧ್ಯವಾದ ದಿನ ದೂರ ತಾನಾಗಿ ನಿರ್ಧಾರವಾಗಿರುತ್ತದೆ.

ತಲೆಯೆತ್ತಿ ಗುರಿ ನೋಡುವುದನ್ನು ಅಭ್ಯಾಸ ಮಾಡಿ. ಎಂಟು ಹತ್ತು ಕೈಬೀಸಿಗೊಮ್ಮೆ ಕಣ್ಣಷ್ಟೇ ನೀರಿನ ಮೇಲೆ ಬರಬೇಕು, ಬಾಯಲ್ಲ. ಪೂರ್ತಿ ತಲೆ ಎತ್ತಿದರೆ ಸೊಂಟ ಮುಳುಗುತ್ತದೆ. ದಾರಿಯ ಗುರುತಿಗೆ ನೀರಿನಲ್ಲಿ ತೇಲಬಿಟ್ಟ ಕಿತ್ತಳೆ ಬಣ್ಣದ ಬುರುಡೆ ಕಾಣದಿದ್ದರೆ ಗಾಬರಿ ಬೇಡ, ಮುಂದಿನ ಅಲೆ ನಿಮ್ಮನ್ನು ಎತ್ತಿದಾಗ ನೋಡಿ. ಪಶ್ಚಿಮ ಕರಾವಳಿಯ ಬೆಳಗಿನ ಈಜಿನಲ್ಲಿ ಇನ್ನೊಂದು ಸಂಗತಿಯಿದೆ. ಹೋಗುವಾಗ ಸೂರ್ಯ ಬೆನ್ನಿಗೆ, ದಡಕ್ಕೆ ತಿರುಗಿದ ಕೂಡಲೇ ನೇರ ಕಣ್ಣಿಗೆ. ಮುಕ್ತಾಯದ ಕಮಾನು ಬೆಳಕಿನಲ್ಲಿ ಕರಗಿಹೋಗುತ್ತದೆ. ಹಿಂದಿನ ದಿನ ಅದೇ ಹೊತ್ತಿಗೆ ದಂಡೆಗೆ ಹೋಗಿ ಕಮಾನಿನ ಹಿಂದಿನ ಎತ್ತರದ ಮರವನ್ನೋ ನೀರಿನ ಟ್ಯಾಂಕನ್ನೋ ಗುರುತಿಟ್ಟುಕೊಳ್ಳಿ. ಬಣ್ಣದ ಗಾಜಿನ ಕನ್ನಡಕ ಇಲ್ಲಿ ಶೋಕಿಯಲ್ಲ.

ಕುತ್ತಿಗೆ, ಕಂಕುಳು, ತೊಡೆಸಂದಿಗೆ ವ್ಯಾಸಲೀನ್ ಹಚ್ಚಿ, ಇಲ್ಲವಾದರೆ ಉಪ್ಪು ಉಜ್ಜಿ ಚರ್ಮ ಸುಲಿಯುತ್ತದೆ. ಹಚ್ಚಿದ ಕೈಯಿಂದ ಕನ್ನಡಕ ಮುಟ್ಟಬೇಡಿ. ಲೋಳೆಮೀನು ತಾಗಿದರೆ ಉಜ್ಜದೆ ಕಡಲ ನೀರಿನಿಂದಲೇ ತೊಳೆದು, ದಡಕ್ಕೆ ಬಂದ ಮೇಲೆ ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಇಪ್ಪತ್ತು ನಿಮಿಷ ಇಡಿ. ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ನಲವತ್ತು ದಾಟಿದವರು ವೈದ್ಯರ ಪ್ರಮಾಣಪತ್ರವನ್ನು ಕಾಗದದ ಶಾಸ್ತ್ರಕ್ಕೆ ಮಾಡಿಸದೆ ನಿಜವಾಗಿ ಹೃದಯ ಪರೀಕ್ಷಿಸಿಕೊಂಡು ಪಡೆಯಿರಿ.

ಹಣ ಕಟ್ಟುವ ಮೊದಲು ಆಯೋಜಕರಿಗೆ ಕರೆ ಮಾಡಿ. ನೀರಿನಲ್ಲಿ ಎಷ್ಟು ದೋಣಿ, ಎಷ್ಟು ಕಯಾಕ್? ಇಳಿದವರನ್ನೂ ಹತ್ತಿದವರನ್ನೂ ಎಣಿಸುವುದು ಹೇಗೆ? ದಡದಲ್ಲಿ ವೈದ್ಯರು ಮತ್ತು ಆಂಬುಲೆನ್ಸ್ ಇರುತ್ತವೆಯೇ? ಗಾಳಿ ಎದ್ದರೆ ದೂರ ಕಡಿಮೆ ಮಾಡುವ ತೀರ್ಮಾನ ಯಾರದು? ಹಿಂದಿನ ದಿನ ಮನಸ್ಸು ಬದಲಾದರೆ ಸಣ್ಣ ದೂರಕ್ಕೆ ಇಳಿಯಬಹುದೇ? ಸೊಂಟಕ್ಕೆ ಕಟ್ಟಿಕೊಳ್ಳುವ ತೇಲುಚೀಲಕ್ಕೆ ಅನುಮತಿಯಿದೆಯೇ?

ಬ್ಯಾಂಕಿನ ಮಹಿಳೆ ಇದೇ ಪಟ್ಟಿ ಹಿಡಿದು ಇಬ್ಬರು ಆಯೋಜಕರಿಗೆ ಕರೆ ಮಾಡಿದರು. ಒಬ್ಬರು ಎಲ್ಲ ವ್ಯವಸ್ಥೆ ಇದೆ ಮೇಡಂ, ಚಿಂತೆ ಬೇಡ ಎಂದರು. ಇನ್ನೊಬ್ಬರು ಸಂಜೆ ವಾಪಸ್ ಕರೆ ಮಾಡಿ ದೋಣಿಗಳ ಸಂಖ್ಯೆ ಹೇಳಿ, ಪ್ರತಿ ಬುರುಡೆಯ ಬಳಿ ಯಾರು ನಿಲ್ಲುತ್ತಾರೆ ಎಂಬುದನ್ನೂ ವಿವರಿಸಿದರು. ಅವರು ಎರಡನೆಯವರ ಬಳಿ ಹೆಸರು ಬರೆಸಿದ್ದಾರೆ, ಒಂದು ಕಿಲೋಮೀಟರಿಗೆ. ಕಾಲೇಜಿಗೆ ಹೋಗುವ ಮಗಳು ಐನೂರು ಮೀಟರಿಗೆ. ಇಬ್ಬರೂ ಮುಂದಿನ ಶನಿವಾರ ಪಡುಬಿದ್ರಿಗೆ ಹೊರಟಿದ್ದಾರೆ, ಮೊದಲ ಸಲ ಉಪ್ಪುನೀರಿನಲ್ಲಿ ಮುಖವಿಟ್ಟು ಉಸಿರು ಬಿಡುವುದಕ್ಕೆ.